ಯಂತ್ರಕ್ಕೆ ಹೊಣೆಯುಂಟೆ?

ನಮ್ಮ ಬೀದಿಯಲ್ಲಿ ನಿವೃತ್ತರಾದ ಮೇಷ್ಟರೊಬ್ಬರಿದ್ದಾರೆ. ಗಣಿತ ಹೇಳಿಕೊಟ್ಟವರು, ಆದ್ದರಿಂದ ಲೆಕ್ಕದಲ್ಲಿ ಬಹಳ ಬಿಗಿ. ಹೋದ ವರ್ಷ ಒಂದು ಬೆಳಿಗ್ಗೆ ಅವರು ಎ.ಟಿ.ಎಂ. ಯಂತ್ರದ ಮುಂದೆ ನಿಂತು ಐದು ಸಾವಿರ ರೂಪಾಯಿ ಕೇಳಿದರು. ಯಂತ್ರ ಗೊರಗೊರ ಸದ್ದು ಮಾಡಿತು, ಚೀಟಿ ಕೊಟ್ಟಿತು, ಹಣವನ್ನು ಮಾತ್ರ ಕೊಡಲಿಲ್ಲ. ಚೀಟಿಯಲ್ಲಿ ಹಣ ಸಂದಾಯವಾಯಿತೆಂದು ಅಚ್ಚಾಗಿತ್ತು. ಮೇಷ್ಟರು ನೇರವಾಗಿ ಬ್ಯಾಂಕಿನೊಳಕ್ಕೆ ಹೋದರು. ಅಲ್ಲಿದ್ದ ಯುವಕ ಸಭ್ಯ. ಕೂತುಕೊಳ್ಳಿ ಎಂದ, ಪರದೆಯನ್ನು ನೋಡಿದ, ಆಮೇಲೆ ಹೇಳಿದ:

“ಸಿಸ್ಟಮ್‌ನಲ್ಲಿ ಕೊಟ್ಟಿದೆ ಅಂತಲೇ ತೋರಿಸ್ತಿದೆ, ಸಾರ್. ನಾವೇನೂ ಮಾಡೋ ಹಾಗಿಲ್ಲ.”

“ಸಿಸ್ಟಮ್ ಅಂದರೆ ಯಾರಪ್ಪ? ಅವರನ್ನೇ ಕರಿ, ನಾನೇ ಮಾತಾಡ್ತೀನಿ” ಎಂದರಂತೆ ಮೇಷ್ಟರು.

ಅವರು ಇದನ್ನು ನನಗೆ ಹೇಳಿ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದು ಯೋಚಿಸಿದಾಗ ಆ ಪ್ರಶ್ನೆ ನಕ್ಕು ಬಿಡುವಂಥದಲ್ಲವೆಂದು ತೋರಿತು. ಇಂದು ಯಾವ ವ್ಯವಹಾರಕ್ಕೆ ಹೋದರೂ ಒಂದಲ್ಲ ಒಂದು ದಿನ ನಾವೆಲ್ಲರೂ ಕೇಳಬೇಕಾಗಿ ಬರುವ ಪ್ರಶ್ನೆಯದು. ಸಿಸ್ಟಮ್ ಅಂದರೆ ಯಾರು?

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳೆಯ ಕಾಲವನ್ನು ಹೊಗಳುವವರು ಆ ಕಾಲದ ಬ್ಯಾಂಕಿನ ಬೆಂಚನ್ನು ಮರೆತಿರುತ್ತಾರೆ. ಚೆಕ್ಕು ಕೊಟ್ಟು, ಹಿತ್ತಾಳೆಯ ಬಿಲ್ಲೆಯನ್ನು ಅಂಗೈಯಲ್ಲಿ ಬಿಸಿಮಾಡಿಕೊಂಡು, ಲೆಡ್ಜರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪಯಣಿಸುವುದನ್ನು ನೋಡುತ್ತ ಅರ್ಧ ಹಗಲು ಕಳೆದವರಿಗೆ ಅದರ ಸುಖ ಗೊತ್ತು. ನಮ್ಮ ದೇಶದ ಬ್ಯಾಂಕುಗಳಿಗೆ ಗಣಕಯಂತ್ರ ಸುಲಭವಾಗಿ ಬರಲಿಲ್ಲ. ನೌಕರರ ಸಂಘಗಳಿಗೆ ಕೆಲಸ ಹೋಗುವ ಭಯವಿತ್ತು. ೧೯೮೩ರಲ್ಲಿ ಸಂಘಗಳೊಡನೆ ಒಪ್ಪಂದವಾಗಿ, ೧೯೮೪ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆಯೇ ಅದು ಮೆಲ್ಲಗೆ ಹೊಸ್ತಿಲು ದಾಟಿದ್ದು. ಇಂದೋ, ೨೦೧೬ರಲ್ಲಿ ಬಂದ ಯು.ಪಿ.ಐ. ಏರ್ಪಾಟಿನಿಂದ ಸೊಪ್ಪು ಮಾರುವವಳ ಬುಟ್ಟಿಯ ಪಕ್ಕದಲ್ಲೂ ಚೌಕಟ್ಟಿನ ಒಂದು ಚಿತ್ರ ನಿಂತಿದೆ. ಹತ್ತು ರೂಪಾಯಿಯ ಕೊತ್ತಂಬರಿಗೂ ಚಿಲ್ಲರೆಯ ಜಗಳವಿಲ್ಲ. ಇದು ಉಪಕಾರವಲ್ಲವೆಂದು ಯಾರೂ ಹೇಳಲಾರರು.

ಆದರೆ ಸೇವೆಯೆಂದರೆ ವೇಗವೊಂದೇ ಅಲ್ಲ. ಉಡುಪಿಯಲ್ಲಿ ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು ಸೇರಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಒಂದು ಸಣ್ಣ ಬ್ಯಾಂಕನ್ನು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಕೊಂಚ ಹಣವನ್ನೂ ಬ್ಯಾಂಕಿನ ಏಜೆಂಟನೇ ಮನೆಬಾಗಿಲಿಗೆ ಬಂದು ಕೊಂಡೊಯ್ಯುವ ಏರ್ಪಾಟು ಅದು. ಅದರಲ್ಲಿ ಯಂತ್ರವೇನೂ ಇರಲಿಲ್ಲ. ಆದರೂ ಅದೊಂದು ಹೊಸ ತಂತ್ರವೇ. ಅದರ ಬಲವಿದ್ದದ್ದು ಎಲ್ಲಿ? ಹಣ ಕೊಡುವ ಹೆಂಗಸಿಗೆ ಬ್ಯಾಂಕೆಂದರೆ ಏನೆಂದು ತಿಳಿಯಬೇಕಾಗಿರಲಿಲ್ಲ. ತೆಗೆದುಕೊಳ್ಳುವವನ ಮುಖ ತಿಳಿದಿದ್ದರೆ ಸಾಕಾಗಿತ್ತು. ಲೆಕ್ಕ ತಪ್ಪಿದರೆ ನಾಳೆ ಅದೇ ಮನುಷ್ಯ ಅದೇ ಜಗಲಿಗೆ ಬರಲೇಬೇಕು. ತಪ್ಪಿಗೆ ಒಂದು ವಿಳಾಸವಿತ್ತು.

ವಿಳಾಸವಿಲ್ಲದ ತಪ್ಪು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆ ಒಂದು ಪಾಠ ಕಲಿಸಿದೆ. ಆ ದೇಶದ ಹಳ್ಳಿ, ಪೇಟೆಗಳಲ್ಲಿ ಸಣ್ಣ ಅಂಚೆ ಕಚೇರಿಗಳನ್ನು ಅನೇಕ ವೇಳೆ ಅಂಗಡಿಯವರೇ ಒಪ್ಪಂದದ ಮೇಲೆ ನಡೆಸುತ್ತಾರೆ. ಅವರಿಗೆ ಸಬ್ ಪೋಸ್ಟ್‌ಮಾಸ್ಟರುಗಳೆಂದು ಹೆಸರು. ೧೯೯೯ರಿಂದ ಈ ಕಚೇರಿಗಳಿಗೆ ‘ಹೊರೈಜನ್’ ಎಂಬ ಗಣಕಲೆಕ್ಕದ ಏರ್ಪಾಟು ಬಂದಿತು. ಅದನ್ನು ಒದಗಿಸಿದ್ದು ಫುಜಿತ್ಸು ಕಂಪೆನಿ. ಉದ್ದೇಶ ಒಳ್ಳೆಯದೇ, ಕಾಗದದ ಲೆಕ್ಕ ನಿಲ್ಲಬೇಕು, ಕೆಲಸ ಚುರುಕಾಗಬೇಕು. ಆದರೆ ಕೆಲವರ ಪರದೆಯಲ್ಲಿ ಸಂಜೆ ಲೆಕ್ಕ ಮುಗಿಸುವ ಹೊತ್ತಿಗೆ ನೂರಾರು, ಸಾವಿರಾರು ಪೌಂಡುಗಳ ಕೊರತೆ ಕಾಣತೊಡಗಿತು. ಒಪ್ಪಂದದ ಪ್ರಕಾರ ಕೊರತೆಯನ್ನು ಅವರೇ ತುಂಬಬೇಕು. ಸಹಾಯಕ್ಕೆಂದು ಟೆಲಿಫೋನು ಮಾಡಿದವರಲ್ಲಿ ಅನೇಕರಿಗೆ ಸಿಕ್ಕ ಉತ್ತರ ಇದು: ಬೇರೆ ಯಾರಿಗೂ ಈ ತೊಂದರೆಯಿಲ್ಲ, ನಿಮಗೊಬ್ಬರಿಗೇ.

ಕೆಲವರು ಕೂಡಿಟ್ಟದ್ದನ್ನು ಕೊಟ್ಟರು, ಕೆಲವರು ಸಾಲ ಮಾಡಿದರು. ೧೯೯೯ರಿಂದ ೨೦೧೫ರವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ ಎಂಬ ಆರೋಪಗಳ ಮೇಲೆ ಶಿಕ್ಷೆಯಾಯಿತು. ಹಲವರು ಜೈಲು ಕಂಡರು. ೨೦೧೦ರಲ್ಲಿ ಜೈಲಿಗೆ ಹೋದ ಒಬ್ಬಾಕೆ ಆಗ ಬಸುರಿ. ಅದಕ್ಕೆ ಮೊದಲು, ಗಣಕಯಂತ್ರದ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಅದು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂಬ ನಿಯಮ ಆ ದೇಶದಲ್ಲಿ ಇತ್ತು. ೧೯೯೯ರ ಒಂದು ಶಾಸನ ಅದನ್ನು ತೆಗೆದುಹಾಕಿತ್ತು. ಯಂತ್ರ ಸರಿಯಿದೆಯೆಂದೇ ಊಹೆ. ಸರಿಯಿಲ್ಲವೆನ್ನುವ ಭಾರ ಆರೋಪಿಯದು. ಹಳ್ಳಿಯ ಅಂಗಡಿಯವನು ಅದನ್ನು ಹೇಗೆ ತೋರಿಸಿಯಾನು?

ಉತ್ತರ ವೇಲ್ಸಿನಲ್ಲಿ ೨೦೦೩ರಲ್ಲಿ ತನ್ನ ಅಂಚೆ ಕಚೇರಿಯನ್ನು ಕಳೆದುಕೊಂಡ ಅಲನ್ ಬೇಟ್ಸ್ ಎಂಬಾತ ಸುಮ್ಮನಿರಲಿಲ್ಲ. ತನ್ನಂಥವರನ್ನು ಹುಡುಕಿ ಕೂಡಿಸಿದ. ೫೫೫ ಮಂದಿ ಒಟ್ಟಾಗಿ ಹೂಡಿದ ದಾವೆಯಲ್ಲಿ, ಆ ಏರ್ಪಾಟಿನಲ್ಲಿ ದೋಷಗಳಿದ್ದುವೆಂದು ೨೦೧೯ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ೨೦೨೧ರಲ್ಲಿ ಮೇಲ್ಮನವಿಯ ನ್ಯಾಯಾಲಯ ೩೯ ಮಂದಿಯ ಶಿಕ್ಷೆಯನ್ನು ಒಮ್ಮೆಗೇ ರದ್ದುಮಾಡಿತು. ೨೦೨೪ರಲ್ಲಿ ಉಳಿದವರಿಗಾಗಿ ಪಾರ್ಲಿಮೆಂಟೇ ಕಾನೂನು ಮಾಡಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಹದಿಮೂರು ಮಂದಿಯಾದರೂ ಇದೇ ಕಾರಣದಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು ವಿಚಾರಣಾಧಿಕಾರಿಯ ವರದಿ ೨೦೨೫ರಲ್ಲಿ ಹೇಳಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ಅಜ್ಜಿ ಹೇಳುತ್ತಿದ್ದ ಮೂರ್ಖರ ರಾಜ್ಯದ ಕತೆ. ಕನ್ನ ಹಾಕಲು ಹೋದ ಕಳ್ಳನ ಮೇಲೆ ಗೋಡೆ ಬಿದ್ದು ಅವನು ಸತ್ತ. ರಾಜ ಮನೆಯೊಡೆಯನನ್ನು ಕರೆಸಿದ. ಗೋಡೆ ಕಟ್ಟಿದವನು ಮೇಸ್ತ್ರಿ, ನಾನಲ್ಲ ಎಂದ ಅವನು. ಬೀದಿಯಲ್ಲಿ ಹೋಗುತ್ತಿದ್ದ ನರ್ತಕಿಯಿಂದ ಮನಸ್ಸು ಚೆದುರಿತು ಎಂದ ಮೇಸ್ತ್ರಿ. ಒಡವೆ ಮಾಡಿಕೊಡದೆ ಅಕ್ಕಸಾಲಿ ತಿರುಗಾಡಿಸಿದ ಎಂದಳು ಅವಳು. ಹೀಗೆ ತಪ್ಪು ಮನೆಯಿಂದ ಮನೆಗೆ ನಡೆದು, ಕೊನೆಗೆ ಶೂಲಕ್ಕೆ ಯಾರು ಸರಿಯಾಗಿ ಒಪ್ಪುತ್ತಾರೋ ಅವರನ್ನೇ ಹಿಡಿದು ತನ್ನಿ ಎಂದಾಯಿತು. ಅಂಗಡಿಯಲ್ಲಿ ತಿಂದು ಕೊಬ್ಬಿದ್ದ ಒಬ್ಬ ಬಡಪಾಯಿ ಸಿಕ್ಕಿಬಿದ್ದ.

ದೊಡ್ಡ ಸಂಸ್ಥೆಯಲ್ಲಿ ಯಂತ್ರ ಬಂದಾಗ ಆಗುವುದೂ ಇದೇ. ಗುಮಾಸ್ತ ಪರದೆಯನ್ನು ತೋರಿಸುತ್ತಾನೆ; ಮ್ಯಾನೇಜರು ಕೇಂದ್ರ ಕಚೇರಿಯನ್ನು; ಕೇಂದ್ರ ಕಚೇರಿ ಗುತ್ತಿಗೆದಾರನನ್ನು; ಗುತ್ತಿಗೆದಾರ ಒಪ್ಪಂದದ ಕಲಮನ್ನು. ಇವರಲ್ಲಿ ಯಾರೂ ದುಷ್ಟರಾಗಿರಬೇಕಾಗಿಲ್ಲ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ನಿಜವನ್ನೇ ಹೇಳುತ್ತಿರಬಹುದು. ಆದರೂ ಎಲ್ಲರ ನಿಜಗಳೂ ಕೂಡಿ ಒಂದು ಅನ್ಯಾಯವಾಗುತ್ತದೆ. ಶೂಲಕ್ಕೆ ಒಪ್ಪುವವನು ಸಿಗುತ್ತಾನೆ. ಅವನು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ನಿಂತವನು.

ಮನುಷ್ಯ ಬರೆದ ಲೆಕ್ಕದಲ್ಲಿ ತಪ್ಪಿರಲಿಲ್ಲವೆ, ಗುಮಾಸ್ತರು ಕದಿಯಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಇತ್ತು, ಕದ್ದರು, ಯಂತ್ರಕ್ಕಿಂತ ಹೆಚ್ಚಾಗಿಯೇ ತಪ್ಪಿದರು. ಆದರೆ ಮನುಷ್ಯ ತಪ್ಪಬಲ್ಲನೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ರುಜು ಹಾಕುತ್ತಿದ್ದ. ರುಜು ಎಂದರೆ ಏನು? ‘ಇದಕ್ಕೆ ನಾನಿದ್ದೇನೆ’ ಎಂಬ ಮಾತು. ಯಂತ್ರ ಎಣಿಸಬಲ್ಲುದು, ಕೂಡಿಸಬಲ್ಲುದು, ನೆನಪಿಡಬಲ್ಲುದು. ಈ ಒಂದು ಮಾತನ್ನು ಅದು ಆಡಲಾರದು. ಅದಕ್ಕೆ ನಾಚಿಕೆಯಿಲ್ಲ, ಕಳೆದುಕೊಳ್ಳಲು ಹೆಸರಿಲ್ಲ, ರಾತ್ರಿ ನಿದ್ದೆಗೆಡುವ ಮನಸ್ಸಿಲ್ಲ. ಹೊಣೆ ಹೊರಲಾರದ್ದರ ಮೇಲೆ ಹೊಣೆ ಹೊರಿಸಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ಜಾರಿ, ಬಲವಿಲ್ಲದವನ ಹೆಗಲ ಮೇಲೆ ಬೀಳುತ್ತದೆ.

ಆದ್ದರಿಂದ ವ್ಯಾಪಾರಿ ಯಂತ್ರವನ್ನು ತರಬಹುದೆ, ಬಾರದೆ ಎಂಬುದು ಪ್ರಶ್ನೆಯಲ್ಲ. ಅದರಿಂದ ಕೆಲಸ ಹೋದವರ ಗತಿಯೇನು ಎಂಬುದು ದೊಡ್ಡ ಪ್ರಶ್ನೆಯೇ. ಅದು ಬೇರೆಯಾಗಿ ಯೋಚಿಸತಕ್ಕದ್ದು. ಇಲ್ಲಿ ನಾನು ಕೇಳುವುದು ಇಷ್ಟೆ: ಲಾಭವನ್ನು ತಾನಿಟ್ಟುಕೊಂಡು ತಪ್ಪನ್ನು ಯಂತ್ರಕ್ಕೆ ಬಿಟ್ಟುಕೊಡುವ ಹಕ್ಕು ಅವನಿಗಿದೆಯೆ? ಯಂತ್ರದ ದುಡಿಮೆ ಅವನದಾದರೆ ಅದರ ತಪ್ಪೂ ಅವನದೇ. ಎತ್ತು ಹೊಲ ಮೇದರೆ ಎತ್ತಿನವನನ್ನು ಕೇಳುತ್ತೇವೆಯೇ ಹೊರತು ಎತ್ತನ್ನಲ್ಲ. ನಮ್ಮಲ್ಲಿ ಈ ನ್ಯಾಯ ಪೂರ್ತಿ ಮರೆತುಹೋಗಿಲ್ಲವೆಂಬುದು ಸಮಾಧಾನ. ಯಂತ್ರ ಹಣ ಕೊಡದೆ ಖಾತೆಯಲ್ಲಿ ಕಳೆದರೆ ಐದು ದಿನದೊಳಗೆ ಹಿಂದಿರುಗಿಸಬೇಕು, ತಪ್ಪಿದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು ೨೦೧೯ರಲ್ಲಿ ಅಪ್ಪಣೆಮಾಡಿತು. ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋದಾಗ ಗಿರಾಕಿಯದೇ ತಪ್ಪೆಂದು ತೋರಿಸುವ ಭಾರ ಬ್ಯಾಂಕಿನದೆಂದು ೨೦೧೭ರಲ್ಲೇ ಹೇಳಿತ್ತು. ನಿಯಮ ಒಳ್ಳೆಯದು, ಆದರೆ ನಿಯಮವೂ ಯಂತ್ರದಂತೆಯೇ, ತಾನಾಗಿ ಎದ್ದುಬಂದು ಯಾರ ಕೈಯನ್ನೂ ಹಿಡಿಯುವುದಿಲ್ಲ. ನಿಯಮವನ್ನು ಬಲ್ಲ ಒಬ್ಬ ಮನುಷ್ಯ, ಅದನ್ನು ನಡೆಸುವ ಅಧಿಕಾರವುಳ್ಳವನು, ಕಿಟಕಿಯ ಹಿಂದೆ ಇರಬೇಕು.

ಮೇಷ್ಟರ ಕತೆಯನ್ನು ಅರ್ಧಕ್ಕೆ ಬಿಟ್ಟೆ. ಅವರು ಮತ್ತೆ ಮೂರು ಸಲ ಹೋದರು. ಮೂರನೆಯ ಸಲ ಬೇರೊಬ್ಬ ಹೆಣ್ಣುಮಗಳು ಕೂತಿದ್ದಳು. ಅವಳ ಪರದೆಯೂ ಹಣ ಕೊಟ್ಟಿದೆಯೆಂದೇ ಹೇಳಿತು. ಅವಳು ಅದನ್ನು ನೋಡಿದಳು, ಮೇಷ್ಟರ ಮುಖವನ್ನೂ ನೋಡಿದಳು. “ಯಂತ್ರದೊಳಗೆ ಉಳಿದಿರೋ ಹಣಾನ ಎಣಿಸಿ ನೋಡಿದರೆ ಗೊತ್ತಾಗುತ್ತೆ, ಸಾರ್. ನಾನು ಎಣಿಸೋಕೆ ಹೇಳ್ತೀನಿ” ಎಂದು ಅವರ ಅರ್ಜಿಯ ಮೂಲೆಯಲ್ಲಿ ತನ್ನ ಹೆಸರನ್ನೂ ತಾರೀಖನ್ನೂ ಬರೆದುಕೊಟ್ಟಳು. ನಾಲ್ಕು ದಿನಕ್ಕೆ ಹಣ ಬಂತು.

“ಐದು ಸಾವಿರ ಬಂತು ಅನ್ನೋದಲ್ಲ,” ಎಂದರು ಮೇಷ್ಟರು, “ಆ ಮೂಲೇಲಿ ಅವಳು ಹೆಸರು ಬರೆದಳಲ್ಲ, ಆವತ್ತು ರಾತ್ರಿ ನಿದ್ದೆ ಬಂತು.”