ಮದ್ಯತ್ಯಾಗಕ್ಕೆ ಸ್ಥಿತಿಕರಣದ ಆಸರೆ



ಶ್ರಾವಕನ ಅಷ್ಟಮೂಲಗುಣಗಳನ್ನು ಎಣಿಸುವಲ್ಲಿ ಆಚಾರ್ಯರಲ್ಲಿ ಭೇದವುಂಟು. ಸಮಂತಭದ್ರಾಚಾರ್ಯರು ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಪಂಚಾಣುವ್ರತಗಳನ್ನು ಹೇಳಿದರೆ, ಅಮೃತಚಂದ್ರಾಚಾರ್ಯರು ಪಂಚೋದುಂಬರ ಫಲಗಳ ತ್ಯಾಗವನ್ನು ಹೇಳಿದರು. ಮದ್ಯತ್ಯಾಗವು ಎರಡು ಎಣಿಕೆಗಳಲ್ಲಿಯೂ ಇದೆ. ಆದುದರಿಂದಲೇ ಜೈನರ ಮನೆಯೊಳಗೆ ಮದ್ಯವು ಕಾಲಿಟ್ಟಾಗ ಮೊದಲು ಹುಟ್ಟುವುದು ನಾಚಿಕೆ. ನಾಚಿಕೆಯಿಂದ ಹುಟ್ಟುವುದು ಮರೆಮಾಚುವಿಕೆ.

ಕೊಪ್ಪಳವು ಪ್ರಾಚೀನ ಕೊಪಣತೀರ್ಥ. ಪಲ್ಲಕ್ಕಿಗುಂಡಿನ ಬೆಟ್ಟದ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳು ಇಂದಿಗೂ ಇವೆ. ಇಂಥ ನೆಲದಲ್ಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಗಳಂಥ ಊರುಗಳಲ್ಲಿ, ಬೆರಳೆಣಿಕೆಯ ಜೈನ ಮನೆಗಳಿರುವಲ್ಲಿ ಒಬ್ಬರ ಸಂಗತಿ ಎಲ್ಲರಿಗೂ ತಿಳಿಯುವುದು. ಮಗನು ಕುಡಿಯುವನೆಂದರೆ ಮಗಳ ಸಂಬಂಧ ತಪ್ಪೀತೆಂಬ ಭಯದಿಂದ ತಾಯಿತಂದೆಗಳು ಬಾಯಿ ಮುಚ್ಚಿಕೊಳ್ಳುವರು. ಕೇಳಿದರೆ, ಪರರ ದೋಷವನ್ನು ಮುಚ್ಚುವುದು ಉಪಗೂಹನವಲ್ಲವೇ ಎನ್ನುವರು.

ಉಪಗೂಹನಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ನೆನೆಯಬೇಕು. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನು ಜಿನಾಲಯದ ವೈಡೂರ್ಯಮಣಿಯನ್ನು ಕದ್ದು ಸಿಕ್ಕಿಬಿದ್ದಾಗ, ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು ಜನರ ಮುಂದೆ ಅದನ್ನು ಮುಚ್ಚಿದನು. ಆದರೆ ಏಕಾಂತದಲ್ಲಿ ಅವನನ್ನು ತಿದ್ದಿ ಕಳುಹಿಸಿದನು; ಮಣಿಯನ್ನು ಮತ್ತೆ ಅವನ ಕೈಗೆ ಕೊಡಲಿಲ್ಲ. ತಿದ್ದುವಿಕೆಯಿಲ್ಲದ ಮುಚ್ಚುವಿಕೆ ಉಪಗೂಹನವಲ್ಲ, ಅದು ರೋಗದ ಪೋಷಣೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಬೆನ್ನಲ್ಲಿಯೇ ಸ್ಥಿತಿಕರಣವಿದೆ. ಅದಕ್ಕೆ ದೃಷ್ಟಾಂತ ವಾರಿಷೇಣ ಮುನಿ. ದೀಕ್ಷೆ ಪಡೆದೂ ಹನ್ನೆರಡು ವರ್ಷ ಹೆಂಡತಿಯನ್ನೇ ನೆನೆಯುತ್ತಿದ್ದ ಪುಷ್ಪಡಾಲನನ್ನು ವಾರಿಷೇಣನು ಸಂಘದಿಂದ ಹೊರದೂಡಲಿಲ್ಲ. ತಾನೇ ಜೊತೆಯಲ್ಲಿ ನಡೆದು, ತಾನು ತೊರೆದುಬಂದ ಅರಮನೆಯನ್ನೂ ರಾಣಿಯರನ್ನೂ ತೋರಿಸಿ ಅವನ ಮನಸ್ಸನ್ನು ನಿಲ್ಲಿಸಿದನು. ತಾನು ದಾಟಿದ ಹೊಳೆಯನ್ನು ಮತ್ತೊಬ್ಬನಿಗೆ ದಾಟಿಸುವುದೇ ಸ್ಥಿತಿಕರಣ.

ಇಂದು ಕುಡಿತ ಬಿಟ್ಟವರು ಬಿಡಬೇಕೆನ್ನುವವರ ಕೈಹಿಡಿಯುವ ಸಭೆಗಳು ಇದೇ ಕೆಲಸವನ್ನು ಮಾಡುತ್ತಿವೆ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಏಕ್ರನ್ ನಗರದಲ್ಲಿ ಒಬ್ಬ ಷೇರು ವ್ಯವಹಾರಸ್ಥನೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರೂ ಕುಡಿತದಿಂದ ಕೆಟ್ಟವರು, ಪರಸ್ಪರ ಆಸರೆಯಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ಆರಂಭಿಸಿದರು. ಅಲ್ಲಿ ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಇಚ್ಛೆಯೊಂದೇ ಸದಸ್ಯತ್ವ. ನಮ್ಮ ನಾಡಿನಲ್ಲಿ ಜೈನ ಮನೆತನದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿದ ಬಳಿಕ ಪಾನಮುಕ್ತರು ನವಜೀವನ ಸಮಿತಿಗಳಲ್ಲಿ ಕೂಡಿ ಒಬ್ಬರನ್ನೊಬ್ಬರು ಕಾಯುತ್ತಾರೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಂಗಡಿ ಮುಚ್ಚುವುದು ಸರಕಾರದ ಕೆಲಸ, ಮನಸ್ಸನ್ನು ನಿಲ್ಲಿಸುವುದು ಸಂಗದ ಕೆಲಸ.

ಅನ್ಯಮತೀಯರ ನಡುವೆ ಕುಳಿತರೆ ಸಮ್ಯಕ್ತ್ವಕ್ಕೆ ಹಾನಿಯೇ ಎಂಬ ಶಂಕೆ ಬೇಡ. ತನಗಿಂತ ಹಿರಿದಾದ ಶಕ್ತಿಯನ್ನು ಅವರವರು ತಿಳಿದಂತೆ ನಂಬಲು ಆ ಸಂಘದಲ್ಲಿ ಅವಕಾಶವಿದೆ. ಜೈನನು ಪಂಚಪರಮೇಷ್ಠಿಗಳನ್ನೂ ತನ್ನ ಆತ್ಮದ ಅನಂತವೀರ್ಯವನ್ನೂ ನೆನೆದು ಕುಳಿತುಕೊಳ್ಳಲಿ. ಮರೆಮಾಚದೆ ದೋಷವನ್ನು ಹೇಳಿಕೊಳ್ಳುವುದು ನಮ್ಮ ಆಲೋಚನೆ, ಪ್ರತಿಕ್ರಮಣಗಳಿಗೆ ಹೊಸತಲ್ಲ.

ವ್ರತೋಪವಾಸಗಳನ್ನು ಪ್ರೀತಿಸುವ ಮನೆಗಳು ಇಲ್ಲೊಂದು ಎಚ್ಚರ ವಹಿಸಬೇಕು. ದಶಲಕ್ಷಣ ಪರ್ವದಲ್ಲಿ ಕುಡುಕನಿಗೆ ಆಜೀವ ಪ್ರತಿಜ್ಞೆ ಕೊಡಿಸಿ, ಅದೇ ದಿನ ಉಪವಾಸಕ್ಕೆ ಕೂರಿಸುವುದು ಅಪಾಯಕರ. ಬಹುಕಾಲ ಹೆಚ್ಚು ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಅಪಸ್ಮಾರ, ಬುದ್ಧಿಭ್ರಮೆಗಳು ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಕುಡಿತದಿಂದ ದೇಹದಲ್ಲಿ ಬಿ1 ಜೀವಸತ್ವ ಕುಂದಿರುವುದರಿಂದ ನಿರಾಹಾರವು ಮಿದುಳಿಗೆ ಕೇಡು ತರಬಲ್ಲದು. ಆದುದರಿಂದ ಮೊದಲು ವೈದ್ಯರು, ಆಮೇಲೆ ಸಭೆ, ದೇಹ ಚೇತರಿಸಿದ ಬಳಿಕ ಉಪವಾಸ. ಶಕ್ತಿಯನ್ನು ಮೀರದ ತಪಸ್ಸೇ ತಪಸ್ಸು.

ಸಮಂತಭದ್ರರು ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿದರು. ಮದ್ಯತ್ಯಾಗವು ಯಮವೇ ಸರಿ. ಆದರೆ ನಡುಗುವ ಕಾಲಿಗೆ ಅದನ್ನು ಹತ್ತಲು ನಿಯಮದ ಮೆಟ್ಟಿಲು ಬೇಕು. ‘ಇಂದು ಒಂದು ದಿನ ಮುಟ್ಟೆನು’ ಎಂದು ಬೆಳಗಿನ ದರ್ಶನಕಾಲದಲ್ಲಿ ನಿಯಮ ತಳೆದು, ನಾಳೆ ಮತ್ತೆ ತಳೆಯಲಿ. ಆ ಸಭೆಗಳ ದಾರಿಯೂ ಒಂದೊಂದು ದಿನದ್ದೇ. ನಡುವೆ ಜಾರಿದರೆ ಪ್ರಾಯಶ್ಚಿತ್ತವುಂಟು, ಬಹಿಷ್ಕಾರವಲ್ಲ.

ಸಭೆ ಎಲ್ಲಿದೆಯೆಂದು ಅರಿಯದವರು ಕೇಂದ್ರ ಸರಕಾರದ ಶುಲ್ಕರಹಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆಮಾಡಲಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನಾಗಲಿ, ಗ್ರಾಮಾಭಿವೃದ್ಧಿ ಯೋಜನೆಯ ಕಚೇರಿಯನ್ನಾಗಲಿ ವಿಚಾರಿಸಲಿ. ಸ್ವಂತ ಊರಿನಲ್ಲಿ ಸಂಕೋಚವಾದರೆ ಕುಷ್ಟಗಿಯವನು ಕೊಪ್ಪಳಕ್ಕೆ ಹೋಗಲಿ. ಒಬ್ಬನನ್ನೇ ಕಳುಹಿಸಬೇಡಿ, ಅಣ್ಣನೋ ಮಾವನೋ ಬಾಗಿಲವರೆಗೆ ಜೊತೆ ನಡೆಯಲಿ. ಮನೆಯವರಿಗೂ ಆಸರೆ ಬೇಕೆಂಬುದನ್ನು ಮರೆಯಬಾರದು. ಅವರಿಗಾಗಿಯೇ 1951ರಿಂದ ಅಲ್-ಅನಾನ್ ಎಂಬ ಸಂಘವಿದೆ.

ಬಸದಿಯ ಜೀರ್ಣೋದ್ಧಾರಕ್ಕೆ ನಾವು ಕೈಯೆತ್ತಿ ಕೊಡುವೆವು. ಜೀರ್ಣವಾದ ಒಂದು ಜೀವವನ್ನು ನಿಲ್ಲಿಸಲು ವಾರಕ್ಕೊಂದು ಸಂಜೆಯನ್ನು ಕೊಡುವುದು ಅದಕ್ಕಿಂತ ಕಿರಿದಾದ ಪುಣ್ಯವಲ್ಲ.