ಕಾಯುವವರ ಹೊತ್ತು ಯಾರ ಲೆಕ್ಕಕ್ಕೆ?

ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಹಂಗಾಮು ಶುರುವಾದರೆ ಇಂಥ ಯಾವುದೇ ಕಾರ್ಖಾನೆಯ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಲಾರಿ, ಎತ್ತಿನ ಗಾಡಿಗಳ ಸಾಲು ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಕೈಗಾರಿಕೆಗಳ ಮಾದರಿ ಕಟ್ಟುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಆ ಸಾಲು ಒಂದು ಲೆಕ್ಕ. ಅದು ನೀತಿಯ ಪ್ರಶ್ನೆಯೂ ಹೌದು.

ಮೊದಲು ಲೆಕ್ಕ ನೋಡೋಣ. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ಕರೆಗಳ ಬಗ್ಗೆ ಬರೆದ ಪ್ರಬಂಧದಿಂದ ಸಾಲುಗಳ ಗಣಿತ ಬೆಳೆಯಿತು. ಅದರ ಅತಿ ಸರಳ ಮಾದರಿಯಲ್ಲಿ ಯಂತ್ರ ಒಂದೇ. ಗಾಡಿಗಳು ಯಾವಾಗ ಬರುತ್ತವೋ ಗೊತ್ತಿಲ್ಲ. ಒಂದೊಂದಕ್ಕೆ ಹಿಡಿಯುವ ಹೊತ್ತೂ ಬೇರೆ ಬೇರೆ. ಯಂತ್ರ ತನ್ನ ಸಾಮರ್ಥ್ಯದ ಶೇ. 80ರಷ್ಟು ದುಡಿಯುತ್ತಿದ್ದರೆ, ಹೊಸದಾಗಿ ಬಂದ ಗಾಡಿ ಸರಾಸರಿ 4 ಗಾಡಿಗಳ ಕೆಲಸಕ್ಕೆ ಬೇಕಾದಷ್ಟು ಹೊತ್ತು ಕಾಯಬೇಕು. ಶೇ. 90 ಆದರೆ 9. ಶೇ. 95 ಆದರೆ 19. ಯಂತ್ರದ ಬಿಡುವು ಅರ್ಧವಾದಾಗಲೆಲ್ಲ ಮನುಷ್ಯರು ಕಾಯುವ ಹೊತ್ತು ದುಪ್ಪಟ್ಟನ್ನೂ ಮೀರುತ್ತದೆ. ನಿಜವಾದ ಕಾರ್ಖಾನೆ ಇಷ್ಟು ಸರಳವಲ್ಲ. ಮಳೆ ಬರುತ್ತದೆ, ಯಂತ್ರ ಕೆಡುತ್ತದೆ. ಅದಕ್ಕೇ ಸೂತ್ರ ಬಿಟ್ಟು ಸಿಮ್ಯುಲೇಶನ್ ಮಾಡುತ್ತೇವೆ. ಒಂದೇ ಹಂಗಾಮನ್ನು ಕಂಪ್ಯೂಟರಿನೊಳಗೆ ಸಾವಿರ ಸಲ ನಡೆಸಿ ನೋಡುತ್ತೇವೆ.

ಉತ್ತರ ಕೊಡುವ ಮೊದಲು ಕಂಪ್ಯೂಟರು ನಮ್ಮನ್ನೇ ಕೇಳುತ್ತದೆ: ಯಾವುದು ಕಮ್ಮಿಯಾಗಬೇಕು? ಯಂತ್ರ ಖಾಲಿ ನಿಲ್ಲುವ ಹೊತ್ತೋ, ಕಬ್ಬು ಕಾಯುವ ಹೊತ್ತೋ? ಮೊದಲನೆಯದನ್ನು ಆರಿಸಿದರೆ ಉದ್ದನೆಯ ಸಾಲೇ ಒಳ್ಳೆಯ ಉತ್ತರವಾಗಿ ಬರುತ್ತದೆ. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ. ತೂಕಕ್ಕೆ ಹಾಕುವ ಮೊದಲೇ ಕಳೆದ ತೂಕ ರೈತನ ನಷ್ಟ. ಅರೆಯುವ ಮೊದಲೇ ಇಳಿದ ಸಕ್ಕರೆ ಅಂಶ ಕಾರ್ಖಾನೆಯ ನಷ್ಟ. ಇವೆರಡಕ್ಕೂ ಅಂಕಿ ಸಿಗುತ್ತದೆ. ಚಾಲಕನ ನಿದ್ದೆ, ಎತ್ತಿನ ಹಸಿವು, ಕಟಾವಿನ ಕೂಲಿಯವರ ಕೆಲಸವಿಲ್ಲದ ದಿನ ಇವಕ್ಕೆ ಮಾದರಿಯಲ್ಲಿ ಒಂದು ಚರಾಕ್ಷರವನ್ನೂ ಇಡದಿದ್ದರೆ, ಅವು ಸೊನ್ನೆಯೆಂದೇ ಹಿಡಿದಂತೆ.

ನೀರಿನ ಲೆಕ್ಕವೂ ಹೀಗೇ. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಕಣಿವೆಯ ನೀರು 740 ಟಿಎಂಸಿ ಎಂದು ಹಿಡಿದದ್ದು ಶೇ. 50ರ ಖಾತ್ರಿಯ ಮೇಲೆ. ಅಂದರೆ ಹೆಚ್ಚುಕಮ್ಮಿ ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ಇರುವುದಿಲ್ಲ. ರಾಜ್ಯಗಳು ಆ ಕೊರತೆಯನ್ನು ಹಿಡಿದು ಕೋರ್ಟಿಗೆ ಹೋಗಬಹುದು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ, ಮದ್ದೂರು ಮಳವಳ್ಳಿ ಕಡೆ, ಗದ್ದೆ ಇರುವವನಿಗೆ ಸರಾಸರಿ ಎಂಬುದು ಮೇಲಿನವರ ಪಾಲಿಗೆ ಬಂದ ನೀರಿನ ಹೆಸರು.

ಹಾಗಾದರೆ ಮಾದರಿಗಳೇ ಬೇಡವೇ? ಬೇಕು. ಅವಿಲ್ಲದ ಕಡೆ ಸರದಿಯನ್ನು ತೀರ್ಮಾನಿಸುವುದು ಪರಿಚಯ, ಪ್ರಭಾವ, ಜೋರು ದನಿ. ಮಾದರಿ ತನ್ನ ಊಹೆಗಳನ್ನು ಬರೆದಾದರೂ ಇಡುತ್ತದೆ, ಬರೆದದ್ದನ್ನು ಪ್ರಶ್ನಿಸಬಹುದು. ಎಲ್ಲವನ್ನೂ ಒಳಗೊಂಡರೆ ಅದು ಮಾದರಿಯೇ ಅಲ್ಲ, ಏನನ್ನಾದರೂ ಬಿಡಲೇಬೇಕು. ಆದರೆ ಬಿಟ್ಟದ್ದು ಯಾರದು, ಬಿಡುವ ಮೊದಲು ಅವರನ್ನು ಕೇಳಿದೆವೆ ಎಂಬುದಕ್ಕೆ ಕಟ್ಟಿದವರು ಉತ್ತರ ಕೊಡಬೇಕು. ಪ್ರೋಗ್ರಾಮಿನೊಳಗೆ ಹುದುಗಿದ ಊಹೆಗಳನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ, ಸಾಲಿನಲ್ಲಿ ನಿಲ್ಲುವವರ ಮುಂದೆ ಇಡುವುದು ಕಷ್ಟದ ಕೆಲಸವೇನಲ್ಲ.

ಅವರ ಹೊತ್ತನ್ನು ಲೆಕ್ಕಕ್ಕೆ ತಂದರೂ ಎಲ್ಲವೂ ಸರಿಹೋಗುವುದಿಲ್ಲ. ಯಂತ್ರ ಆಗಾಗ ಖಾಲಿ ನಿಂತರೆ ಹಂಗಾಮು ಉದ್ದವಾಗುತ್ತದೆ; ಇನ್ನೊಬ್ಬನ ಕಬ್ಬು ಗದ್ದೆಯಲ್ಲೇ ಬಲಿತು ಸೂಲಂಗಿ ಬರಬಹುದು. ಒಬ್ಬನ ಕಾಯುವಿಕೆ ತಗ್ಗಿಸಲು ಇನ್ನೊಬ್ಬ ಏನಾದರೂ ತೆರಲೇಬೇಕು. ಎಷ್ಟು ತೆರಬೇಕೆಂದು ಸಿಮ್ಯುಲೇಶನ್ ಹೇಳಬಲ್ಲದು. ಯಾರು ತೆರಬೇಕೆಂಬುದನ್ನು ಆ ಇಬ್ಬರೂ ಕಾರ್ಖಾನೆಯವರೂ ಎದುರುಬದುರು ಕೂತು ತೀರ್ಮಾನಿಸಬೇಕು.