ಪರದೆಯ ಹೊಲ ಮತ್ತು ಪರಿಗ್ರಹ ಪರಿಮಾಣ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಹತ್ತು ದಿನಗಳಲ್ಲಿ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಶ್ರಾವಕರ ಮನೆಗಳಲ್ಲಿ ವರ್ಷವರ್ಷವೂ ಏಳುವುದುಂಟು. ಹಸಿರು ಕಾಯಿಪಲ್ಲೆ, ರಾತ್ರಿಯ ನೀರು, ಎರಡನೆಯ ಹೊತ್ತಿನ ಊಟ ಇವುಗಳ ವಿಷಯದಲ್ಲಿ ಹಿರಿಯರಿಗೆ ಸಂಶಯವಿಲ್ಲ. ಶಾಸ್ತ್ರವೂ ರೂಢಿಯೂ ದಾರಿ ತೋರಿಸಿವೆ. ಆದರೆ ಕಲಬುರಗಿಯ ಒಂದು ಮನೆಯಲ್ಲಿ ಎದ್ದ ಪ್ರಶ್ನೆಗೆ ಪೂರ್ವಾಚಾರ್ಯರ ಗ್ರಂಥಗಳಲ್ಲಿ ನೇರವಾದ ಉತ್ತರ ಸಿಕ್ಕುವಂತಿಲ್ಲ.

ಆ ಮನೆತನದ ಮೂಲ ಕಮಲಾಪುರ. ಅಜ್ಜನ ಪ್ರಾಯದ ಕಾಲಕ್ಕೆ ಹದಿನಾಲ್ಕು ಎಕರೆ ಹೊಲವಿತ್ತು: ತೊಗರಿ, ಜೋಳ, ಬಾವಿಯ ಮಗ್ಗುಲಿಗೆ ತುಸು ಕೆಂಪು ಬಾಳೆ. ಮಗಳ ಮದುವೆಗೆಂದು ಒಮ್ಮೆ, ಮಗನ ಓದಿಗೆಂದು ಒಮ್ಮೆ, ನಗರದಲ್ಲಿ ಮನೆ ಕಟ್ಟಿಸಲೆಂದು ಮತ್ತೊಮ್ಮೆ, ಹೀಗೆ ಮೂರು ಕಂತಿನಲ್ಲಿ ಹೊಲವೆಲ್ಲ ಕೈಬಿಟ್ಟಿತು. ಮೊಮ್ಮಗ ಈಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುತ್ತಾನೆ, ಬೆಳಿಗ್ಗೆ ತಪ್ಪದೆ ಜಿನಮಂದಿರಕ್ಕೆ ಹೋಗುತ್ತಾನೆ, ಮಧ್ಯಾಹ್ನದ ಮೇಲೆ ಮೊಬೈಲ್ ಫೋನಿನಲ್ಲಿ ಬೇಸಾಯ ಮಾಡುತ್ತಾನೆ. ಉಪವಾಸದ ದಿನವೂ ಈ ಆಟ ಬೇಕೇ ಎಂದು ಅಜ್ಜ ಕೇಳಿದಾಗ ಹುಡುಗ ಕೊಟ್ಟ ಉತ್ತರ ಉದ್ಧಟತನದ್ದಾಗಿರಲಿಲ್ಲ.

“ಅಜ್ಜಾ, ಇದರಾಗ ಒಂದು ಇರುವೀನೂ ಸಾಯಂಗಿಲ್ಲ. ರೊಕ್ಕ ಕಟ್ಟಿ ಆಡೂದಲ್ಲ, ಯಾರಿಗೂ ಲುಕ್ಸಾನಿಲ್ಲ. ನೀವು ತೊಗರಿಗೆ ಔಷಧ ಹೊಡೀತಿದ್ರಿ. ನಿಮ್ಮ ಒಕ್ಕಲುತನಕ್ಕಿಂತ ನಂದೇ ಶುದ್ಧ ಅಲ್ಲೇನ್ರಿ?”

ಅಜ್ಜ ಸುಮ್ಮನಾದರು. ಸುಮ್ಮನಾಗತಕ್ಕ ಮಾತೇ ಅದು. ಕಾಯಿಕೊರಕ ಹುಳು ಬಿದ್ದ ವರ್ಷ ಗಿಡ ಅಲುಗಾಡಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿದ್ದನ್ನೂ, ಅದು ಸಾಲದೆ ವಿಷ ಸಿಂಪಡಿಸಿದ್ದನ್ನೂ ಅವರು ಮರೆತಿರಲಿಲ್ಲ.

ಪ್ರಶ್ನೆಯನ್ನು ವಿಚಾರಿಸುವ ಮೊದಲು ಈ ಆಟಗಳ ಸ್ವರೂಪವನ್ನು ತಿಳಿಯುವುದು ನ್ಯಾಯ. ತಿಳಿಯದೆ ನಿಂದಿಸುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. ನಗರ ಕಟ್ಟುವ ಆಟಗಳಲ್ಲಿ ಪ್ರಸಿದ್ಧವಾದದ್ದು 1989ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಸಿಮ್‌ಸಿಟಿ’. ಅದನ್ನು ರಚಿಸಿದ ವಿಲ್ ರೈಟ್ ಅದಕ್ಕೆ ಮೊದಲು 1984ರಲ್ಲಿ ಬಾಂಬು ಹಾಕುವ ಒಂದು ಯುದ್ಧದ ಆಟವನ್ನು ಮಾಡಿದ್ದರು. ಆ ಆಟಕ್ಕಾಗಿ ದ್ವೀಪಗಳನ್ನೂ ರಸ್ತೆಗಳನ್ನೂ ಕಟ್ಟಡಗಳನ್ನೂ ಜೋಡಿಸುತ್ತಿರುವಾಗ, ಅವುಗಳನ್ನು ಕೆಡಹುವುದಕ್ಕಿಂತ ಕಟ್ಟುವುದರಲ್ಲಿಯೇ ತಮಗೆ ಹೆಚ್ಚು ಸಂತೋಷವಿದೆ ಎಂದು ಅವರಿಗೆ ತೋರಿತಂತೆ. ಅಲ್ಲಿಂದ ಹೊಸ ಆಟ ಹುಟ್ಟಿತು. ಅದರಲ್ಲಿ ಗೆಲುವೆಂಬ ಒಂದು ಕೊನೆಯಿಲ್ಲ. ಆಡುವವನು ಊರಿನ ಅಧಿಪತಿ. ವಸತಿಗೆ, ವ್ಯಾಪಾರಕ್ಕೆ, ಕಾರಖಾನೆಗೆ ಜಾಗ ಗುರುತಿಸುತ್ತಾನೆ, ವಿದ್ಯುತ್ತು ಒದಗಿಸುತ್ತಾನೆ, ತೆರಿಗೆ ಗೊತ್ತುಮಾಡುತ್ತಾನೆ. ಒಳ್ಳೆಯದಾಗಿ ನಡೆಸಿದರೆ ಜನ ಬಂದು ನೆಲೆಸುತ್ತಾರೆ, ಕೆಟ್ಟದಾಗಿ ನಡೆಸಿದರೆ ಬಿಟ್ಟು ಹೋಗುತ್ತಾರೆ.

ಬೇಸಾಯದ ಆಟಗಳ ಮೂಲ ಜಪಾನಿನಲ್ಲಿ. 1996ರ ‘ಹಾರ್ವೆಸ್ಟ್ ಮೂನ್’ ಆಟವನ್ನು ರೂಪಿಸಿದ ಯಾಸುಹಿರೊ ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ಸೇರಿದವರು. ಬಿಟ್ಟುಬಂದ ಹಳ್ಳಿಯ ನೆನಪೇ ಅದರ ಬೀಜ. ಅದರ ದಾರಿಯನ್ನೇ ಹಿಡಿದು ಎರಿಕ್ ಬ್ಯಾರೋನ್ ಎಂಬ ಅಮೆರಿಕದ ತರುಣ ಒಬ್ಬನೇ ಕುಳಿತು ವರ್ಷಗಟ್ಟಲೆ ದುಡಿದು 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಹೊರತಂದ. ಅದರ ಕಥೆ ಆರಂಭವಾಗುವ ಬಗೆಯನ್ನು ಗಮನಿಸಬೇಕು: ನಗರದ ಕಚೇರಿಯಲ್ಲಿ ಬೇಸತ್ತ ಮೊಮ್ಮಗನೊಬ್ಬನಿಗೆ ತೀರಿಹೋದ ಅಜ್ಜನ ಪತ್ರ ಸಿಕ್ಕುತ್ತದೆ; ಪತ್ರದ ಜೊತೆಗೆ ಅಜ್ಜನ ಹೊಲವೂ ಸಿಕ್ಕುತ್ತದೆ. ಕಲಬುರಗಿಯ ಆ ಹುಡುಗನಿಗೆ ಅಜ್ಜನಿದ್ದಾರೆ, ಹೊಲವಿಲ್ಲ. ಆಟ ಅವನನ್ನು ಏಕೆ ಹಿಡಿದಿಟ್ಟಿತೆಂದು ಹೆಚ್ಚು ಹೇಳಬೇಕಾಗಿಲ್ಲ.

ಇದಲ್ಲದೆ ಇನ್ನೊಂದು ಆಕರ್ಷಣೆಯೂ ಇದೆ. ಈ ಆಟಗಳಲ್ಲಿ ಮಾಡಿದ ಕರ್ಮಕ್ಕೆ ಫಲ ಕಣ್ಣೆದುರಿಗೇ ಸಿಕ್ಕುತ್ತದೆ. ಫಿನ್‌ಲೆಂಡಿನವರು 2012ರಲ್ಲಿ ತಂದ ‘ಹೇ ಡೇ’ ಎಂಬ ಆಟದಲ್ಲಿ ಗೋಧಿ ಬೆಳೆಯಲು ಎರಡು ನಿಮಿಷ ಸಾಕು. ನಿಜವಾದ ತೊಗರಿಯನ್ನು ಮೃಗಶಿರದ ಮಳೆಗೆ ಬಿತ್ತಿದರೆ ಪುಷ್ಯ ಮಾಸದ ಹೊತ್ತಿಗೆ ರಾಶಿ. ನಡುವೆ ಮಳೆ ಹೆಚ್ಚಾದರೆ ಬೇರು ಕೊಳೆಯುತ್ತದೆ. ನೆಟೆ ರೋಗ ಬಂದರೆ ನಿನ್ನೆ ಹಸಿರಾಗಿದ್ದ ಗಿಡ ನಾಲ್ಕು ದಿನಗಳಲ್ಲಿ ನಿಂತಲ್ಲಿಯೇ ಒಣಗುತ್ತದೆ. ಎಲ್ಲವೂ ಸರಿಹೋದ ವರ್ಷ ಪೇಟೆಯಲ್ಲಿ ಬೆಲೆ ಬೀಳುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು, ಕಮಲಾಪುರದ ಕೆಂಪು ಬಾಳೆಗೂ ಆ ಮಾನ್ಯತೆಯಿದೆ. ಆದರೂ ಕೆಂಪು ಬಾಳೆಯ ಗೊನೆ ಕೈಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕು, ನೀರೂ ಗೊಬ್ಬರವೂ ಉಳಿದ ಬಾಳೆಗಿಂತ ಅಧಿಕ. ದುಡಿದವನಿಗೆ ದುಡಿದಷ್ಟು ಸಿಕ್ಕುವ ಲೋಕವೊಂದು ಅಂಗೈಯಲ್ಲಿ ಇದ್ದರೆ ಮನಸ್ಸು ಅತ್ತ ಹರಿಯದೆ ಇರುವುದೇ?

ಇದಕ್ಕೆ ಸಮೀಪದ ದೃಷ್ಟಾಂತ ಆದಿಪುರಾಣದ ಪ್ರಸಂಗದಲ್ಲಿದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುತ್ತಿದ್ದವು. ಅವು ಕ್ಷೀಣಿಸಿದಾಗ ಹಸಿದ ಪ್ರಜೆಗಳಿಗೆ ವೃಷಭನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಕಲಿಸಿದರು; ಕರ್ಮಭೂಮಿ ಆರಂಭವಾಯಿತು. ಪರದೆಯ ಮೇಲಿನ ಹೊಲ ಇವೆರಡರ ನಡುವಿನದು. ನೇಗಿಲು, ಬೀಜ, ನೀರು ಎಲ್ಲವೂ ಕರ್ಮಭೂಮಿಯವು. ಕೊಡುವ ರೀತಿ ಮಾತ್ರ ಕಲ್ಪವೃಕ್ಷದ್ದು. ಭೋಗಭೂಮಿಯ ಮನುಷ್ಯರಿಗೆ ಸುಖ ಎಷ್ಟಿದ್ದರೂ ವ್ರತ ಧರಿಸುವ ಯೋಗ್ಯತೆಯಿಲ್ಲವೆಂದು ಆಗಮ ಹೇಳುತ್ತದೆ. ತೊಗರಿ ಹೊಲದಲ್ಲಿ ಕಾದವನಿಗೆ ಕಾಯುವ ಅಭ್ಯಾಸವೊಂದು ಲಭಿಸಿರುತ್ತದೆ. ಉಪವಾಸದ ಸಂಜೆ ಅದು ಉಪಯೋಗಕ್ಕೆ ಬರುತ್ತದೆ.

ಹುಡುಗನ ಮಾತಿಗೆ ಮರಳೋಣ. ಯಾವ ಜೀವಿಯೂ ಸಾಯುವುದಿಲ್ಲವೆಂಬುದು ನಿಜ. ಆದರೆ ಜನ್ನನ ಯಶೋಧರ ಚರಿತೆಯ ಕಥೆ ಕನ್ನಡ ಜೈನರಿಗೆಲ್ಲ ತಿಳಿದದ್ದೇ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಹಿಟ್ಟಿನಲ್ಲಿ ಪ್ರಾಣವಿರಲಿಲ್ಲ, ಸಂಕಲ್ಪದಲ್ಲಿ ಹಿಂಸೆಯಿತ್ತು. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತಿರ್ಯಂಚ ಗತಿಯಲ್ಲಿ ತೊಳಲಿದರು. ನಗರದ ಆಟದಲ್ಲಿ ಭೂಕಂಪ, ಪ್ರವಾಹ, ಬೆಂಕಿಗಳನ್ನು ಆಡುವವನೇ ಬೇಕೆಂದಾಗ ಬರಿಸಬಹುದು. ತಾನು ಕಟ್ಟಿದ ಊರು ಉರಿಯುವುದನ್ನು ನೋಡಿ ನಗುವವನು ಹಿಟ್ಟಿನ ಕೋಳಿಯಿಂದ ಬಹಳ ದೂರವಿಲ್ಲ. ಬೀಜ ಬಿತ್ತಿ ನೀರೆರೆಯುವವನ ಸಂಕಲ್ಪ ಪೋಷಣೆಯದು. ಅವನನ್ನೂ ಅದೇ ಪಂಕ್ತಿಯಲ್ಲಿ ಕೂಡಿಸುವುದು ಅನ್ಯಾಯವಾದೀತು.

ಹಾಗಾದರೆ ಹಿಟ್ಟಿನ ಕೋಳಿ ಪಾಪವಾದಂತೆ ಚಿತ್ರದ ಗಿಡಕ್ಕೆ ನೀರೆರೆದದ್ದು ಪುಣ್ಯವಾಗಬೇಡವೇ ಎಂದು ಯಾರಾದರೂ ಶಂಕಿಸಬಹುದು. ಶಂಕೆ ಚೆನ್ನಾಗಿದೆ. ಆದರೆ ದಾನಕ್ಕೆ ಪಾತ್ರ ಬೇಕು, ದಯೆಗೆ ದುಃಖಿತ ಜೀವಿ ಬೇಕು. ಅಜ್ಜನ ಹೊಲದಲ್ಲಿ ಹಿಂಸೆಯಾಯಿತು, ಅದು ಗೃಹಸ್ಥನಿಗೆ ಬಿಡಲಾಗದ ಉದ್ಯೋಗೀ ಹಿಂಸೆ, ದೋಷವಿಲ್ಲದ್ದೇನೂ ಅಲ್ಲ. ಆದರೆ ಆ ತೊಗರಿಯ ಬೇಳೆಯಿಂದ ಎಷ್ಟೋ ಮನೆಗಳಲ್ಲಿ ಪಾರಣೆಯಾಯಿತು. ಮೊಮ್ಮಗನ ಗೋಧಿ ಯಾರ ತಟ್ಟೆಗೂ ಬರುವುದಿಲ್ಲ. ಇನ್ನು ಆ ಆಟದಲ್ಲಿ ಹಂದಿಯಿಂದ ಮಾಂಸದ ತುಂಡು ದೊರೆಯುತ್ತದೆ, ಹಂದಿ ಮಾತ್ರ ಸಾಯದೆ ನಗುತ್ತ ನಿಂತಿರುತ್ತದೆ. ಸಣ್ಣ ಮಕ್ಕಳು ಅದನ್ನು ನೋಡುತ್ತಾರೆ. ಕೊಲ್ಲದೆ ಮಾಂಸವಿಲ್ಲ ಎಂಬ ಸತ್ಯವನ್ನು ಮರೆಸುವ ಆ ಚಿತ್ರ ಶುದ್ಧವೆನ್ನಲು ಬರುವುದಿಲ್ಲ.

ಆಟವೇ ತ್ಯಾಜ್ಯವೆಂದು ಹೇಳುವಂತಿಲ್ಲ. ಎಂಬತ್ತನಾಲ್ಕು ಮನೆಗಳ ಜ್ಞಾನಬಾಜಿಯ ಪಟಗಳನ್ನು ಜೈನರೇ ಬರೆಸಿ ಆಡುತ್ತಿದ್ದರು. ಏಣಿ ಹತ್ತಿ, ಹಾವಿನ ಬಾಯಿಗೆ ಬಿದ್ದು, ಕೊನೆಗೆ ಕಾಯಿ ಪಟವನ್ನು ಬಿಟ್ಟು ಮೇಲಕ್ಕೆ ಹೋಗುತ್ತಿತ್ತು. ನಗರದ ಆಟದಲ್ಲಿ ಬಿಟ್ಟು ಹೋಗುವ ಮನೆಯೇ ಇಲ್ಲ, ಕೂಡಿಸುವುದೊಂದೇ ಇದೆ. ಉಮಾಸ್ವಾಮಿಗಳು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಆಳುಕಾಳು, ಬಟ್ಟೆಬರೆಗಳನ್ನು ಹೆಸರಿಸುತ್ತಾರೆ. ಆಟದ ಲೆಕ್ಕದ ಪುಟವನ್ನು ತೆರೆದರೆ ಹೆಚ್ಚುಕಡಿಮೆ ಅದೇ ಪಟ್ಟಿ ಕಾಣುತ್ತದೆ! ವಸ್ತುಗಳು ಸುಳ್ಳು ಎಂದು ಹುಡುಗ ಹೇಳಬಹುದು. ಪರಿಗ್ರಹ ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂದು ಅದೇ ಆಚಾರ್ಯರ ಲಕ್ಷಣ. 2009ರಲ್ಲಿ ಆರಂಭವಾಗಿ ಕೋಟ್ಯಂತರ ಜನ ಆಡಿದ ‘ಫಾರ್ಮ್‌ವಿಲ್’ ಆಟ 2020ರ ಡಿಸೆಂಬರ್ 31ರಂದು ಮುಚ್ಚಿತು. ಆ ಹೊಲಗಳೆಲ್ಲ ಒಂದೇ ರಾತ್ರಿಯಲ್ಲಿ ಇಲ್ಲವಾದವು, ಇದ್ದದ್ದಾದರೂ ಏನು? ಆದರೂ ಬೆಳೆ ಬಾಡೀತೆಂದು ಅಪರಾತ್ರಿಯಲ್ಲಿ ಎದ್ದವರ ನಿದ್ರೆ ನಿಜವಾದದ್ದು, ಅದರೊಳಗೆ ಸುರಿದ ಹಣವೂ ನಿಜವಾದದ್ದು.

ಕಟ್ಟಿದ ನಗರಗಳ ಗತಿಯನ್ನು ನೋಡಲು ಈ ಜಿಲ್ಲೆಯವರಿಗೆ ಆಟ ಬೇಕಾಗಿಲ್ಲ. ಅಮೋಘವರ್ಷನು ಆಳಿದ, ಪುಷ್ಪದಂತ ಮಹಾಪುರಾಣ ರಚಿಸಿದ ಮಾನ್ಯಖೇಟ 972ರಲ್ಲಿ ಪರಮಾರರ ಸೂರೆಗೆ ಸಿಕ್ಕಿತು. ಇಂದು ಅದು ಕಾಗಿಣಾ ದಂಡೆಯ ಮಳಖೇಡ, ನೇಮಿನಾಥ ಬಸದಿಯಿರುವ ಹಳ್ಳಿ. 1347ರಲ್ಲಿ ರಾಜಧಾನಿಯಾದ ಕಲಬುರಗಿಯನ್ನು ಬಹಮನಿ ಸುಲ್ತಾನರೇ ಬಿಟ್ಟು ಬೀದರಿಗೆ ಹೋದರು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಬೇಕೆಂದುಕೊಂಡ ಅಜ್ಜನಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಹೊಲ ಮಾರಿದ ವರ್ಷ ಅವರು ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡಿದ್ದರು. ಭೂಮಿಯ ಕಲಮಿನಲ್ಲಿ ‘ಇಲ್ಲ’ ಎಂದು ಬರೆಸಿದ್ದರು. ಆದರೆ ಅಂದಿನಿಂದ ಇಂದಿನವರೆಗೆ ದಿನವೂ ಮಲಗುವಾಗ ಅವರು ಬಾವಿಯ ಕಡೆಯಿಂದ ಆ ಹದಿನಾಲ್ಕು ಎಕರೆಯನ್ನು ಸುತ್ತಿ ಬರುತ್ತಿದ್ದರು. ಈ ಮಳೆಗೆ ಬಿತ್ತಬೇಕಿತ್ತು, ಆ ಬದುವಿಗೆ ಕಲ್ಲು ಹಾಕಬೇಕಿತ್ತು, ಕೊಂಡವನು ಬಾಳೆ ಕಿತ್ತದ್ದು ತಪ್ಪು ಎಂದು ಲೆಕ್ಕ ಹಾಕುತ್ತಿದ್ದರು. ಮೊಮ್ಮಗನ ಹೊಲಕ್ಕೆ ಒಂದು ಪರದೆಯಾದರೂ ಇತ್ತು, ಅದನ್ನು ಆರಿಸಬಹುದಾಗಿತ್ತು.

ಮರುದಿನ ಅವರು ಉಪದೇಶವನ್ನೇನೂ ಮಾಡಲಿಲ್ಲ. ಉತ್ತಮ ಆಕಿಂಚನ್ಯದ ದಿನ ಮಂದಿರದಿಂದ ಬಂದವರು ಇದ್ದ ಸಂಗತಿಯನ್ನು ಮೊಮ್ಮಗನ ಮುಂದೆ ಬಿಚ್ಚಿ ಹೇಳಿದರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚತುರ್ದಶಿಯವರೆಗೆ ಆಟವನ್ನು ಮುಟ್ಟುವುದಿಲ್ಲವೆಂದು ತಾನಾಗಿಯೇ ನಿಯಮ ಮಾಡಿದ. ಅಜ್ಜ ತಮ್ಮದಕ್ಕೂ ಅಷ್ಟೇ ಅವಧಿಯನ್ನು ಇಟ್ಟುಕೊಂಡರು.

ಕ್ಷಮಾವಾಣಿಯ ನಂತರ ಇಬ್ಬರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಬಂದರು. ಹೊಲದ ಈಗಿನ ಒಡೆಯನಿಗೆ ಅಜ್ಜ ಕೈಮುಗಿದು ಕ್ಷಮೆ ಕೇಳಿದರು. ಏಕೆ ಕೇಳುತ್ತಾರೆಂದು ಅವನಿಗೆ ತಿಳಿಯಲಿಲ್ಲ. ತೊಗರಿ ಸೊಂಟದೆತ್ತರ ಬಂದಿತ್ತು. ಇದು ಯಾವಾಗ ಕೈಗೆ ಬರುತ್ತದೆಂದು ಹುಡುಗ ಕೇಳಿದ. “ಇನ್ನಾ ಮೂರ್ನಾಕು ತಿಂಗಳು ಬೇಕಪ್ಪ,” ಎಂದು ಒಡೆಯ ಹೇಳಿ, ಒಣಗಿ ನಿಂತಿದ್ದ ಒಂದೆರಡು ಗಿಡಗಳನ್ನು ಕಿತ್ತು ಬದುವಿನ ಆಚೆಗೆ ಹಾಕಿದ.